ಅಕ್ಕ ತಿಕ್ಕಿ ಕಟ್ಟಿಕೊಟ್ಟ ಹತ್ತಿಕಾಳು

ಬಿಳಿ ಬಟ್ಟೆಯಲ್ಲಿ ಹೊಲಿದು ಅರಗು ಹಾಕಿದ ಪಾರ್ಸೆಲ್ಲು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಯಾರಾದರೂ ಅಂಥದ್ದನ್ನು ಮನೆಗೆ ತಂದರೆ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತೇನೆ. ಮುದುಕನಿಗೆ ಅರಳುಮರಳು ಎಂದು ಮನೆಯವರು ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ ಬಿಡಿ. ವಿವರಿಸಲು ಹೋದರೆ ಹತ್ತಿಕಾಳಿನಿಂದ ಶುರು ಮಾಡಿ, ಸಗಣಿಗೆ ಬಂದು, ಅಲ್ಲಿಂದ ಅಮೆರಿಕಕ್ಕೆ ಹೋಗಬೇಕು. ಅಷ್ಟು ಕೇಳುವ ವ್ಯವಧಾನ ಯಾರಿಗಿದೆ?

ಅರವತ್ತರ ದಶಕದ ಮೊದಲ ವರ್ಷಗಳು. ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಏನಪ್ಪಾ ಎಂದರೆ ಹುಡುಗರು ಕುಯ್ದು ಹಾಳು ಮಾಡಿದ ಕಾಂಡ, ಬೇರುಗಳನ್ನು ಗುಡಿಸಿ ಹಾಕಿಸುವುದು, ಇದ್ದೊಂದು ಸೂಕ್ಷ್ಮದರ್ಶಕವನ್ನು ಅವರ ಕೈಯಿಂದ ಕಾಪಾಡುವುದು. ಅದರ ಕೆಳಗಿನ ಕನ್ನಡಿ ಒಡೆದಿತ್ತು. ಕಿಟಕಿ ಹತ್ತಿರ ಇಟ್ಟು ಬಿಸಿಲು ಬಂದಾಗ ಮಾತ್ರ ನೋಡಬೇಕು. ಕೆಲಸ ಕಾಯಂ ಅಲ್ಲ. ಪ್ರತಿ ಬೇಸಿಗೆಗೆ ಬಿಡಿಸುವುದು, ಕಾಲೇಜು ಶುರುವಾದಾಗ ಮತ್ತೆ ಕರೆಯುವುದು. ಕರೆಯುತ್ತಾರೋ ಇಲ್ಲವೋ ಎಂದು ಎರಡು ತಿಂಗಳು ನಮ್ಮ ವಿಭಾಗದ ಹೆಡ್ಡರ ಮನೆ ಮುಂದೆ ಸುಳಿದಾಡುವುದು ನನ್ನ ಬೇಸಿಗೆ ರಜೆಯ ಕಾರ್ಯಕ್ರಮ.

ಅಕ್ಕ ಇದ್ದದ್ದು ಹರಿಹರದಲ್ಲಿ. ಅವ್ವ ತೀರಿಕೊಂಡಾಗ ನಾನು ಇನ್ನೂ ಮಾತು ಕಲಿಯುತ್ತಿದ್ದೆನಂತೆ. ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ, ಮದುವೆಯಾಗಿ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದಳು. ಭಾವ ಹರಿಹರದ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದರು. ಕೊಂಡಜ್ಜಿ ಕಡೆ ಹಿರಿಯರ ಎರೆ ಹೊಲವಿತ್ತು. ಪಾಳಿ ಮುಗಿಸಿ ಸೈಕಲ್ಲು ತುಳಿದುಕೊಂಡು ಹೊಲಕ್ಕೆ ಹೋಗುವ ಮನುಷ್ಯ. ಹೆಂಡತಿಯ ತಮ್ಮ ಎಂದು ಒಂದು ದಿನವೂ ಮುಖ ಗಂಟಿಕ್ಕಿದವರಲ್ಲ.

ಆ ಹೊಲದಲ್ಲಿ ಒಂದು ವರ್ಷ ಹತ್ತಿಗೆ ಸೊರಗು ರೋಗ ಬಡಿಯಿತು. ಎದೆಯ ಮಟ್ಟ ಬಂದಿದ್ದ ಗಿಡಗಳು ನೋಡನೋಡುತ್ತಿದ್ದಂತೆ ಎಲೆ ಜೋತುಬಿಟ್ಟು ನಿಂತಲ್ಲೇ ಒಣಗಿದವು. ಭಾವ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. ನಾನು ಸುಮ್ಮನಿರಲಾರದೆ ಹೊಲವೆಲ್ಲ ತಿರುಗಿದೆ. ಮೂಲೆಯಲ್ಲಿ ಹತ್ತಿಪ್ಪತ್ತು ಗಿಡ, ಸುತ್ತಲಿನವೆಲ್ಲ ಸತ್ತಿದ್ದರೂ, ಏನೂ ಆಗಿಲ್ಲವೆಂಬಂತೆ ಹೂ ಬಿಟ್ಟುಕೊಂಡು ನಿಂತಿದ್ದವು. ಅದೇ ಮಣ್ಣು, ಅದೇ ನೀರು, ಅದೇ ಬೀಜ. ಇವು ಯಾಕೆ ಸಾಯಲಿಲ್ಲ? ಆ ಪ್ರಶ್ನೆ ನನ್ನ ತಲೆ ಹೊಕ್ಕದ್ದು ಅಂದು. ಹೊರಗೆ ಹೋಗಿಲ್ಲ ಇನ್ನೂ.

ಆ ಗಿಡಗಳ ಕಾಳನ್ನು ಬೇರೆ ತೆಗೆದಿಟ್ಟೆವು. ಮುಂದಿನ ವರ್ಷ ಅದೇ ರೋಗದ ಮೂಲೆಯಲ್ಲಿ ಬಿತ್ತಿದೆವು. ಕೆಲವು ಸತ್ತವು, ಹೆಚ್ಚಿನವು ಉಳಿದವು. ಉಳಿದವುಗಳ ಕಾಳನ್ನು ಮತ್ತೆ ಬಿತ್ತಿದೆವು. ಹೀಗೆ ಕೆಲವು ವರ್ಷ ಕಳೆಯುವ ಹೊತ್ತಿಗೆ ಆ ಮೂಲೆಯಲ್ಲಿ ಒಂದು ಗಿಡವೂ ಸೊರಗದಂತಾಯಿತು. ನಮ್ಮ ಹೆಡ್ಡರಿಗೆ ಹೇಳಿದರೆ, ಹತ್ತಿ ಬೇಕಾದರೆ ಮಿಲ್ಲಿಗೆ ಹೋಗ್ರೀ, ಇದು ಕಾಲೇಜು ಎಂದರು. ಬೇರಿನೊಳಗೆ ಏನಿದೆ ಎಂದು ನೋಡಬೇಕಾದರೆ ಒಡೆದ ಕನ್ನಡಿಯ ಸೂಕ್ಷ್ಮದರ್ಶಕ ಸಾಲದು. ರೋಗವನ್ನು ಬೆಳೆಸಿ ನೋಡುವ ಕೋಣೆ ಬೇಕು, ಕೇಳಿದರೆ ಉತ್ತರ ಕೊಡುವವರು ಬೇಕು. ಎರಡೂ ಇಲ್ಲಿ ಇರಲಿಲ್ಲ.

ಅಂಥದ್ದರಲ್ಲಿ ಕಾಲೇಜಿನ ಬೋರ್ಡಿನ ಮೇಲೆ ಒಂದು ಸುತ್ತೋಲೆ ಅಂಟಿಸಿದರು. ಅಮೆರಿಕದಲ್ಲಿ ಹತ್ತಿ ಬೆಳೆಯುವ ಸೀಮೆಯ ಒಂದು ವಿಶ್ವವಿದ್ಯಾಲಯ ಬೇರೆ ದೇಶಗಳಿಂದ ಸಂಶೋಧಕರನ್ನು ಕರೆಯುತ್ತಿತ್ತು. ಎರಡು ವರ್ಷದ ಫೆಲೋಶಿಪ್. ತಮ್ಮದೇ ಪ್ರಶ್ನೆಯನ್ನು ತರಬೇಕು, ಜಾಗ, ಉಪಕರಣ, ಊಟ, ವಸತಿ ಅವರದು. ಓದುತ್ತಾ ನಿಂತವನಿಗೆ ಗಂಟೆ ಬಾರಿಸಿದ್ದು ಕೇಳಿಸಲಿಲ್ಲ. ಮೂವತ್ತು ದಾಟಿರಬಾರದು ಎಂದು ಕೊನೆಯಲ್ಲಿ ಬರೆದಿತ್ತು. ನನಗೆ ಅದೇ ಕೊನೆಯ ವರ್ಷ.

ಅರ್ಜಿ ಹಾಕಿದೆ, ಗಿಡಗಳ ವಿಷಯವೆಲ್ಲ ಬರೆದೆ. ಪತ್ರಗಳು ಹೋದವು, ಬಂದವು. ಕೊನೆಗೆ ಅಲ್ಲಿನ ಪ್ರೊಫೆಸರೊಬ್ಬರು, ನಿಮಗಾಗಿ ಜಾಗ ಹಿಡಿದಿಟ್ಟಿದ್ದೇವೆ ಎಂದು ಬರೆದರು. ಒಂದು ಷರತ್ತು. ನಾನು ಹೋಗಬೇಕಾದದ್ದು ಸೆಪ್ಟೆಂಬರಿಗೆ. ಅಲ್ಲಿ ಹತ್ತಿ ಬಿತ್ತುವುದು ನಮ್ಮ ಬೇಸಿಗೆಯಲ್ಲಿ. ಹಾಗಾಗಿ ಕಾಳನ್ನು ಮೊದಲೇ ಕಳಿಸಬೇಕು, ಅವರು ಬಿತ್ತಿರುತ್ತಾರೆ, ನಾನು ಹೋಗಿ ಇಳಿಯುವಾಗ ಗಿಡಗಳು ನಿಂತಿರಬೇಕು. ಗಿಡವಿಲ್ಲದೆ ಬಂದ ಸಂಶೋಧಕ ಒಂದು ವರ್ಷ ಕೈಕಟ್ಟಿ ಕೂರಬೇಕಾಗುತ್ತದೆ, ಅಂಥವರಿಗೆ ಜಾಗ ಕೊಡುವುದಿಲ್ಲ. ನ್ಯಾಯವೇ ಅಲ್ಲವೆ?

ನನ್ನ ಕಾಲು ನೆಲದ ಮೇಲಿರಲಿಲ್ಲ. ಹೆಡ್ಡರ ಕೋಣೆಗೆ ಹೋಗಿ, ಮುಂದಿನ ವರ್ಷಕ್ಕೆ ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಹೇಳಿಯೇಬಿಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿ, ಬಹಳ ಸಂತೋಷ ಎಂದರು. ಹರಿಹರದಲ್ಲಿ ಭಾವ ಒಂದು ತಗಡಿನ ಟ್ರಂಕು ತಂದು, ಕಾರ್ಖಾನೆಯ ಪೇಂಟರನಿಂದ ಬಿಳಿ ಬಣ್ಣದಲ್ಲಿ ನನ್ನ ಹೆಸರು ಬರೆಸಿದರು. ಅಕ್ಕ ಅದರಲ್ಲಿ ಮೊದಲು ಇಟ್ಟದ್ದು ಕಂಬಳಿ. ಅಲ್ಲಿ ಚಳಿ ಅಂತೆ.

ಹತ್ತಿ ಬಿಡಿಸುವ ಕಾಲಕ್ಕೆ ಸರಿಯಾಗಿ ನನಗೆ ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆಗಳು. ಅಲ್ಲಾಡುವಂತಿಲ್ಲ. ಆ ಮೂಲೆಯ ಹತ್ತಿಯನ್ನು ಬೇರೆ ಬಿಡಿಸಿ, ಕಾಳು ತೆಗೆದು, ಒಳ್ಳೆಯವನ್ನು ಆರಿಸಿ, ಬಟ್ಟೆಯಲ್ಲಿ ಕಟ್ಟಿ ಕಳಿಸಬೇಕು ಎಂದು ಭಾವನಿಗೆ ಹೇಳಿ ಕಳಿಸಿದೆ. ಅವರು ಒಂದು ಸಂಜೆ ಬಸ್ಸಿಳಿದು ಬಂದರು. ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ಅಕ್ಕ ದಬ್ಬಳದಿಂದ ಸುತ್ತಲೂ ಹೊಲಿದಿದ್ದಳು, ಒಂದು ಹೊಲಿಗೆಯೂ ಸೊಟ್ಟ ಇರಲಿಲ್ಲ. ನಿಮ್ಮಕ್ಕ ಒಂದೊಂದೇ ಕಾಳು ಕೈಯಲ್ಲಿ ಬಿಡಿಸಿದಳು, ಮಿಲ್ಲಿಗೆ ಹಾಕೋಕೆ ಬಿಡಲಿಲ್ಲ ಎಂದರು. ಅಷ್ಟು ಚೆಂದ ಹೊಲಿದದ್ದನ್ನು ಬಿಚ್ಚಲು ಯಾರಿಗೆ ಮನಸ್ಸು ಬರುತ್ತದೆ? ಮೇಲೆ ವಿಳಾಸ ಬರೆದೆ, ಅರಗು ಕಾಯಿಸಿ ಮುದ್ರೆ ಒತ್ತಿದೆ, ಮಾರನೆಯ ದಿನ ಪೋಸ್ಟಾಫೀಸಿನಲ್ಲಿ ವಿಮಾನದ ಟಪಾಲಿಗೆ ಕೊಟ್ಟು ಬಂದೆ. ಆ ರಾತ್ರಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಭಾವನಿಗೆ ಅಮೆರಿಕದ ಬಗ್ಗೆ ನನಗೆ ಗೊತ್ತಿಲ್ಲದ್ದನ್ನೆಲ್ಲ ಹೇಳಿದೆ.

ಮಾರ್ಚ್ ತಿಂಗಳಲ್ಲಿ ಪ್ರೊಫೆಸರರ ಪತ್ರ ಬಂತು. ಮೊದಲ ಸಾಲಿನಲ್ಲೇ ವಿಷಾದ. ನನ್ನ ಪಾರ್ಸೆಲ್ಲನ್ನು ಅವರ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬಿಚ್ಚಿ ನೋಡಿದ್ದಾರೆ. ಕಾಳುಗಳ ಮೇಲೆಲ್ಲ ದನದ ಸಗಣಿ, ಬೂದಿ, ಮಣ್ಣು. ಹೊರದೇಶದ ಮಣ್ಣು, ಸಗಣಿ ಒಳಗೆ ಬರಬಾರದು, ರೋಗ ಬರುತ್ತದೆ ಎಂಬುದು ಅಲ್ಲಿನ ಕಾನೂನು. ಒಂದು ಕಾಳೂ ಬಿಡದೆ ಸುಟ್ಟುಬಿಟ್ಟಿದ್ದಾರೆ. ಏಪ್ರಿಲ್ ಕೊನೆಗೆ ಸಮಿತಿ ಸೇರುತ್ತದೆ, ಅಷ್ಟರೊಳಗೆ ಶುದ್ಧವಾದ ಕಾಳು, ಸರ್ಕಾರಿ ಕೃಷಿ ಅಧಿಕಾರಿಯ ಸರ್ಟಿಫಿಕೇಟಿನ ಜೊತೆ ಬಂದರೆ ಸರಿ, ಇಲ್ಲದಿದ್ದರೆ ಜಾಗ ಬೇರೆಯವರಿಗೆ.

ಓದಿದ ತಕ್ಷಣ ನನಗೆ ಎಲ್ಲಾ ಗೊತ್ತಾಯಿತು. ನಮ್ಮ ಕಡೆ ಹತ್ತಿಕಾಳನ್ನು ಹಾಗೇ ಬಿತ್ತುವುದಿಲ್ಲ. ಕಾಳಿನ ಮೇಲೆ ನವಿರು ಇರುತ್ತದೆ, ಒಂದಕ್ಕೊಂದು ಅಂಟಿಕೊಂಡು ಕೂರಿಗೆಯಿಂದ ಇಳಿಯುವುದಿಲ್ಲ. ಅದಕ್ಕೇ ಸಗಣಿ, ಬೂದಿ, ಮಣ್ಣು ಕಲಸಿದ ನೀರಿನಲ್ಲಿ ಕಾಳನ್ನು ತಿಕ್ಕಿ, ನೆರಳಲ್ಲಿ ಒಣಗಿಸಿ, ಆಮೇಲೆ ಬಿತ್ತುವುದು. ಬಿತ್ತಲಿಕ್ಕೆಂದು ಇನ್ನೊಬ್ಬರಿಗೆ ಕೊಡುವ ಕಾಳಾದರೆ ತಿಕ್ಕಿಯೇ ಕೊಡಬೇಕು. ತಿಕ್ಕದ ಕಾಳು ಕೊಟ್ಟು ಕಳಿಸಿದರೆ ಆ ಮನೆಯ ಹೆಂಗಸು ಮೈಗಳ್ಳಿ ಎಂದು ಜನ ಆಡಿಕೊಳ್ಳುತ್ತಾರೆ. ನನ್ನ ಅಕ್ಕ ಮೈಗಳ್ಳಿಯಾಗಿರಲಿಲ್ಲ.

ಹರಿಹರಕ್ಕೆ ಹೋಗುವ ಬಸ್ಸಿನಲ್ಲಿ, ದಾರಿಯ ಬಾತಿ ಊರು ದಾಟುವವರೆಗೂ ಹಲ್ಲು ಕಡಿಯುತ್ತಲೇ ಇದ್ದೆ. ಪಕ್ಕದಲ್ಲಿ ಕೂತ ಮುದುಕಪ್ಪ, ಯಾಕ ತಮ್ಮಾ, ಹಲ್ಲುನೋವಾ ಎಂದು ಕೇಳಿದ. ಹೌದು ಅಂದೆ. ಹೋಗಿ ಅಕ್ಕನನ್ನು ಏನೆಲ್ಲ ಅನ್ನಬೇಕು ಎಂದು ಬಾಯಲ್ಲಿ ಮಸೆದುಕೊಂಡು ಮನೆಗೆ ಹೋದರೆ, ಅವಳು ನನ್ನನ್ನು ಕಂಡವಳೇ ಒಳಗೆ ಓಡಿ ಟ್ರಂಕು ಎಳೆದು ತಂದಳು. ಶೇಂಗಾ ಚಟ್ನಿಪುಡಿ ಮಾಡಿ ಡಬ್ಬಿಗೆ ತುಂಬಿದ್ದಳು. ಸೆಪ್ಟೆಂಬರಿಗೆ ಹೋಗುವವನಿಗೆ ಮಾರ್ಚಿನಲ್ಲಿ ಚಟ್ನಿಪುಡಿ! ತಾರೀಖು ಗೊತ್ತಾಯಿತಾ, ಯಾವತ್ತು ಹೊರಡೋದು ಎಂದು ಕೇಳಿದಳು. ಉಳಿದ ಕಾಳು ಎಲ್ಲಿ ಎಂದಷ್ಟೇ ಕೇಳಿದೆ.

ಒಂದು ಸಣ್ಣ ಮಡಕೆಯಲ್ಲಿತ್ತು. ನೆಲುವಿನ ಮೇಲಿಂದ ಇಳಿಸಿ ತೋರಿಸಿದಳು. ಅದನ್ನೂ ತಿಕ್ಕಿದ್ದಳು. ಒಂದೇ ಸಲ ಎಲ್ಲವನ್ನೂ ತಿಕ್ಕಿ, ಆರಿಸಿದ್ದನ್ನು ಪಾರ್ಸೆಲ್ಲಿಗೆ ಹಾಕಿ, ಉಳಿದದ್ದನ್ನು ಮುಂದಿನ ಬಿತ್ತನೆಗೆ ಎತ್ತಿಟ್ಟಿದ್ದಳು. ಆ ಜಾತಿಯ ಕಾಳು ಲೋಕದಲ್ಲಿ ಇನ್ನೆಲ್ಲೂ ಇರಲಿಲ್ಲ.

"ನಾನು ತಿಕ್ಕಿದ್ದಕ್ಕಾ?" ಎಂದು ಅಕ್ಕ ಕೇಳಿದಳು. ನಾನಿನ್ನೂ ಏನೂ ಹೇಳಿರಲಿಲ್ಲ. ಸಗಣಿ ಮೆತ್ತಿದ ಕಾಳನ್ನು ಕೈಗೆತ್ತಿಕೊಂಡು ನಿಂತವನ ಮುಖ ನೋಡಿಯೇ ಕೇಳಿದಳು.

"ಹೌದು. ಸುಟ್ಟುಬಿಟ್ರು."

"ಅವರತ್ರ ಎಮ್ಮೆ ಐತೋ ಇಲ್ಲೋ, ಸಗಣಿಗೆ ಎಲ್ಲಿ ತಿರುಗ್ತಾರೋ ಅಂತ ತಿಕ್ಕಿದೆ ಕಣೋ ತಮ್ಮ."

ಇದಕ್ಕೆ ಏನು ಬೈಯುವುದು? ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು, ಅಲ್ಲೇ ಕಲ್ಲಿನ ಮೇಲೆ ಕೂತು ತಲೆ ಹಿಡಿದುಕೊಂಡೆ. ಒಂದು ದಾರಿ ಹೊಳೆಯಿತು. ಗಾಢ ಗಂಧಕಾಮ್ಲದಲ್ಲಿ ಹತ್ತಿಕಾಳನ್ನು ಸ್ವಲ್ಪ ಹೊತ್ತು ತಿರುವಿದರೆ ನವಿರೆಲ್ಲ ಸುಟ್ಟು ಕಾಳು ಬೋಳಾಗಿ ಹೊರಬರುತ್ತದೆ ಎಂದು ಓದಿದ್ದೆ. ನವಿರಿನ ಜೊತೆ ಸಗಣಿಯೂ ಸುಡುತ್ತದೆ. ಆದರೆ ಕಾಳು ಚೆನ್ನಾಗಿ ಒಣಗಿರಬೇಕು, ಒಂದು ಹನಿ ನೀರಿದ್ದರೂ ಆಮ್ಲ ಕುದ್ದು ಒಳಗಿನ ಜೀವ ಹೋಗುತ್ತದೆ. ಕಾಲೇಜಿನಲ್ಲಿ ಕೆಮಿಸ್ಟ್ರಿಯವರನ್ನು ಹಿಡಿದರೆ ಆಮ್ಲ ಸಿಕ್ಕೀತು. ಎದ್ದು ಹಿತ್ತಿಲಿಗೆ ಬಂದೆ.

ಅಕ್ಕ ಬಾವಿಕಟ್ಟೆಯ ಪಕ್ಕದಲ್ಲಿ ಕೂತಿದ್ದಳು. ಮುಂದೆ ಬಕೆಟ್ಟು. ಮಡಕೆಯಿಂದ ಕಾಳನ್ನು ಬಕೆಟ್ಟಿಗೆ ಸುರಿದು, ಸೀರೆ ಮೇಲೆ ಕಟ್ಟಿ, ಎರಡೂ ಕೈಯಿಂದ ಗಸಗಸ ತಿಕ್ಕಿ ತೊಳೆಯುತ್ತಿದ್ದಳು. ತಾನು ಹಚ್ಚಿದ್ದನ್ನು ತಾನೇ ತೆಗೆದುಕೊಡುತ್ತೇನೆ ಎಂದು. ಅರ್ಧ ಮಡಕೆ ಆಗಲೇ ನೀರಿನಲ್ಲಿತ್ತು.

ಆಗ ಕೂಗಿದೆ. ಮೂರು ಮನೆಯಾಚೆಗೆ ಕೇಳುವಂತೆ ಕೂಗಿದೆ. ಮುಟ್ಟಬ್ಯಾಡ, ಕೈ ತೆಗಿ, ಎದ್ದು ಹೋಗು ಅಲ್ಲಿಂದ ಎಂದೆ. ಮಡಕೆಯನ್ನು ಅವಳ ಕೈಯಿಂದ ಕಿತ್ತುಕೊಂಡೆ. ಅಕ್ಕ ಒದ್ದೆ ಕೈಗಳನ್ನು ಹಾಗೇ ಮುಂದೆ ಹಿಡಿದುಕೊಂಡು ನಿಂತಿದ್ದಳು. ಒರೆಸಿಕೊಳ್ಳಲೂ ಇಲ್ಲ.

ಉಳಿದ ಅರ್ಧವನ್ನು ಎತ್ತಿಕೊಂಡು ಅದೇ ಬಸ್ಸಿಗೆ ವಾಪಸಾದೆ. ಊಟ ಮಾಡಲಿಲ್ಲ. ಹೋಗುತ್ತೇನೆ ಎಂದೂ ಹೇಳಲಿಲ್ಲ.

ಕೆಮಿಸ್ಟ್ರಿಯ ಲೆಕ್ಚರರು ನನ್ನ ವಾರಿಗೆಯವರೇ. ಹೆಡ್ಡರ ಕಣ್ಣು ತಪ್ಪಿಸಿ ಒಂದು ಬಾಟಲಿ ಆಮ್ಲ ಕೊಟ್ಟರು. ಮಧ್ಯಾಹ್ನ ಲ್ಯಾಬು ಖಾಲಿಯಿದ್ದಾಗ ಪಿಂಗಾಣಿ ಬೋಗುಣಿಯಲ್ಲಿ ಕಾಳು ಹಾಕಿ, ಮೇಲೆ ಆಮ್ಲ ಸುರಿದು, ಗಾಜಿನ ಕಡ್ಡಿಯಿಂದ ತಿರುವಿದೆ. ಕಪ್ಪು ರಾಡಿ ಎದ್ದಿತು, ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಬೇಗ ತೆಗೆದರೆ ಸಗಣಿ ಉಳಿಯುತ್ತದೆ, ತಡವಾದರೆ ಕಾಳು ಸಾಯುತ್ತದೆ. ಎಷ್ಟು ಹೊತ್ತು ಎಂದು ಪುಸ್ತಕದಲ್ಲಿದ್ದದ್ದು ಬೇರೆ ದೇಶದ ಕಾಳಿನ ಲೆಕ್ಕ. ನಾನು ದೇವರ ಮೇಲೆ ಭಾರ ಹಾಕುವವನಲ್ಲ, ಅವತ್ತು ಹಾಕಿದೆ. ಸಾಕು ಎನ್ನಿಸಿದಾಗ ಎಲ್ಲವನ್ನೂ ತೊಟ್ಟಿಯ ನೀರಿಗೆ ಸುರಿದೆ, ಸುಣ್ಣದ ತಿಳಿಯಲ್ಲಿ ಅದ್ದಿದೆ, ಮತ್ತೆ ತೊಳೆದೆ. ಕಾಳುಗಳು ಬೋಳಾಗಿ, ಕಪ್ಪಗೆ, ಹೊಳೆಯುತ್ತಾ ಹೊರಬಂದವು. ಅಷ್ಟು ಚೆಂದದ ಹತ್ತಿಕಾಳನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಬದುಕಿವೆಯೋ ಸತ್ತಿವೆಯೋ ಮಾತ್ರ ಗೊತ್ತಿರಲಿಲ್ಲ.

ಗೊತ್ತಾಗಬೇಕಾದರೆ ಕೆಲವನ್ನು ಮೊಳಕೆಗೆ ಇಡಬೇಕು. ಇರುವುದೇ ಬೊಗಸೆಯಷ್ಟು, ಅದರಲ್ಲೂ ಖರ್ಚು. ನನ್ನ ಬಾಡಿಗೆ ಕೋಣೆಯಲ್ಲಿ ತಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಸಿ ಕೆಲವು ಕಾಳು ಸುತ್ತಿಟ್ಟೆ. ಬಿಚ್ಚಿ ನೋಡುವುದು, ಮುಚ್ಚುವುದು, ಮತ್ತೆ ಬಿಚ್ಚುವುದು. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಏನೂ ಆಗಲಿಲ್ಲ. ಮತ್ತೊಂದು ದಿನ ನೋಡಿದೆ, ಏನೂ ಇಲ್ಲ. ಮುಗಿಯಿತು ಅಂದುಕೊಂಡು ಬಟ್ಟೆಯನ್ನು ಹಿಂಡಿ ಬಿಸಾಡಲು ಎತ್ತಿದಾಗ ಒಂದು ಕಾಳಿನ ತುದಿಯಲ್ಲಿ ಬೆಳ್ಳಗೆ ಏನೋ ಇಣುಕುತ್ತಿತ್ತು. ಸಂಜೆಯೊಳಗೆ ಇನ್ನೂ ನಾಲ್ಕಾರು ಬಿರಿದವು. ಎಲ್ಲವೂ ಬರಲಿಲ್ಲ, ಅರ್ಧಕ್ಕೆ ಕಡಿಮೆಯೇ. ಸಾಕು. ನಾನು ಅತ್ತದ್ದು ಪಕ್ಕದ ಕೋಣೆಯ ಮಿಲ್ಲಿನ ಗುಮಾಸ್ತರಿಗೆ ಕೇಳಿಸಿ, ಊರಲ್ಲಿ ಯಾರಿಗಾದರೂ ಏನಾದರೂ ಆಯಿತೇನ್ರೀ ಎಂದು ಬಾಗಿಲು ತಟ್ಟಿದರು.

ಇನ್ನು ಸರ್ಟಿಫಿಕೇಟು. ಕೃಷಿ ಅಧಿಕಾರಿಯ ಆಫೀಸಿಗೆ ಹೋದಾಗಲೆಲ್ಲ ಸಾಹೇಬರು ಟೂರಿನಲ್ಲಿ. ಯಾವ ಊರು ಎಂದರೆ ಗುಮಾಸ್ತನಿಗೆ ಗೊತ್ತಿಲ್ಲ, ಯಾವಾಗ ಬರುತ್ತಾರೆ ಎಂದರೆ ಅದೂ ಗೊತ್ತಿಲ್ಲ. ಏಪ್ರಿಲ್ ಅರ್ಧ ಕಳೆಯಿತು. ಕೊನೆಗೆ ಜವಾನನೊಬ್ಬ ಕರುಣೆ ತೋರಿ, ಕೊಂಡಜ್ಜಿ ಸ್ಕೌಟು ಕ್ಯಾಂಪಿಗೆ ಭಾಷಣಕ್ಕೆ ಹೋಗ್ಯಾರ ಎಂದ. ಸೈಕಲ್ಲು ಕಡ ತೆಗೆದುಕೊಂಡು ಉರಿಬಿಸಿಲಲ್ಲಿ ತುಳಿದೆ. ಕೆರೆಯ ಏರಿಯ ಹತ್ತಿರ ಟೈರು ಠುಸ್ ಎಂದಿತು. ತಳ್ಳಿಕೊಂಡು ಹೋದೆ. ಸಾಹೇಬರು ಭಾಷಣ ಮುಗಿಸಿ ಜೀಪು ಹತ್ತುತ್ತಿದ್ದರು.

ಪೊಟ್ಟಣ ಬಿಚ್ಚಿ ತೋರಿಸಿದೆ. ಅವರು ನಾಲ್ಕು ಕಾಳನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿದರು.

"ಇದು ಹತ್ತಿಕಾಳು ಅಂತ ನಾನು ಹೆಂಗ್ರೀ ಬರ್ದು ಕೊಡ್ಲಿ? ಔಡಲ ಬೀಜ ಇದ್ದಂಗೈತೆ. ಆಫೀಸಿಗೆ ಬರ್ರಿ, ಬೆಂಗ್ಳೂರಿಗೆ ಬರ್ದು ಕೇಳಾಣ."

ಬೆಂಗಳೂರಿಗೆ ಬರೆದು ಕೇಳುವುದೆಂದರೆ ಏನು ಎಂದು ನನಗೆ ಗೊತ್ತಿತ್ತು. ಸಿಟ್ಟು ನೆತ್ತಿಗೇರಿತು, ಅದನ್ನು ನುಂಗಿಕೊಂಡೆ. ಕೈ ಮುಗಿದೆ. ಜೀಪಿನ ಬಾಗಿಲು ಹಿಡಿದುಕೊಂಡು, ಇದಿಲ್ಲದಿದ್ದರೆ ನನ್ನ ಬಾಳು ಮುಗೀತು ಸಾರ್ ಎಂದೆ. ಹುಟ್ಟಿದಾರಭ್ಯ ಯಾರ ಮುಂದೆಯೂ ಹಾಗೆ ಹೇಳಿದವನಲ್ಲ. ಸ್ಕೌಟಿನ ಶಿಕ್ಷಕರು, ಡ್ರೈವರು ಎಲ್ಲ ನೋಡುತ್ತಿದ್ದರು. ನೋಡಲಿ ಬಿಡಿ ಅನ್ನಿಸಿತು. ಆ ಬೇಸಿಗೆಯಲ್ಲಿ ನನಗೆ ಮಾನ ಎನ್ನುವುದು ಉಳಿದಿರಲಿಲ್ಲ. ಸಾಹೇಬರಿಗೆ ಮುಜುಗರವಾಗಿರಬೇಕು. ನಾನು ಟೈಪು ಮಾಡಿಸಿಕೊಂಡು ಹೋಗಿದ್ದ ಕಾಗದವನ್ನು ಜೀಪಿನ ಬಾನೆಟ್ಟಿನ ಮೇಲೆ ಇಟ್ಟು ಸಹಿ ಮಾಡಿದರು. ಮೊಹರು ಆಫೀಸಿನಲ್ಲಿ ಹಾಕಿಸಿಕೊಳ್ಳಿ ಎಂದರು. ಮೊಹರಿಗೆ ಮತ್ತೆರಡು ದಿನ ಓಡಾಡಿದೆ.

ಈ ಸಲ ಪಾರ್ಸೆಲ್ಲನ್ನು ನಾನೇ ಹೊಲಿದೆ, ಸೊಟ್ಟಸೊಟ್ಟಾಗಿ. ವಿಮಾನದ ಟಪಾಲಿಗೆಂದು ಪೋಸ್ಟಾಫೀಸಿನ ಕಿಟಕಿಯಲ್ಲಿ ಕೊಟ್ಟ ಮೇಲೂ ಅಲ್ಲೇ ನಿಂತಿದ್ದೆ. ಚೀಲಕ್ಕೆ ಹಾಕಿದ್ದು ಕಣ್ಣಾರೆ ಕಂಡ ಮೇಲೆ ಹೊರಟೆ.

ಆಮೇಲೆ ಕಾಯುವುದೊಂದೇ ಕೆಲಸ. ಕಾಲೇಜು ಮುಚ್ಚಿತು. ಹೆಡ್ಡರು ನನ್ನ ಜಾಗಕ್ಕೆ ತಮ್ಮ ಕಡೆಯ ಹುಡುಗನೊಬ್ಬನನ್ನು ಗೊತ್ತು ಮಾಡಿದ್ದಾರೆ ಎಂದು ಸುದ್ದಿ ಬಂತು. ಮೇ ಕಳೆಯಿತು. ಟಪಾಲಿನವನು ನನ್ನನ್ನು ದೂರದಿಂದ ಕಂಡರೇ ತಲೆಯಾಡಿಸಿಬಿಡುತ್ತಿದ್ದ, ಪಾಪ, ಹತ್ತಿರ ಬಂದು ಇಲ್ಲ ಎನ್ನಲು ಅವನಿಗೂ ಸಂಕಟ. ಹರಿಹರಕ್ಕೆ ನಾನು ಹೋಗಲಿಲ್ಲ. ಭಾವ ಒಂದೆರಡು ಸಲ ಬಂದು ಹೋದರು. ಅಕ್ಕ ಕೊಟ್ಟು ಕಳಿಸಿದ ರೊಟ್ಟಿ ಗಂಟು ಮೇಜಿನ ಮೇಲಿಟ್ಟು ಹೋಗುತ್ತಿದ್ದರು.

ರೋಹಿಣಿ ಮಳೆ ಬಿದ್ದ ಮೇಲೆ ಕಾಗದ ಬಂತು. ಪ್ರೊಫೆಸರು ಒಳ್ಳೆಯವರು, ಉದ್ದಕ್ಕೆ ಬರೆದಿದ್ದರು. ಪಾರ್ಸೆಲ್ಲು ತಪಾಸಣೆಯವರ ಕೈಗೆ ಸಮಯಕ್ಕೆ ಬಂದಿತ್ತು. ಆದರೆ ಒಮ್ಮೆ ಸುಡಿಸಿಕೊಂಡವನ ಹೆಸರಿನಿಂದ ಬಂದದ್ದೆಂದು ಅಲ್ಲಿನವರು ಹೆಚ್ಚಿನ ಪರೀಕ್ಷೆಗೆ ಹಿಡಿದಿಟ್ಟುಕೊಂಡರು. ಬಿಡುಗಡೆಯಾಗಿ ಪ್ರೊಫೆಸರರ ಕೈ ಸೇರುವಾಗ ಸಮಿತಿ ಸೇರಿ ಎದ್ದಾಗಿತ್ತು. ಜಾಗವನ್ನು ಬೇರೆ ದೇಶದ ಒಬ್ಬನಿಗೆ ಕೊಟ್ಟಾಗಿತ್ತು. ವಯಸ್ಸಿನ ನಿಯಮವಿರುವುದರಿಂದ ಮುಂದಿನ ವರ್ಷ ನನ್ನನ್ನು ಪರಿಗಣಿಸಲು ಬರುವುದಿಲ್ಲ, ಕ್ಷಮಿಸಬೇಕು. ಕಾಳು ವ್ಯರ್ಥವಾಗಬಾರದೆಂದು ತಾವೇ ಬಿತ್ತಿಸಿದ್ದಾರಂತೆ. ಸೊರಗು ರೋಗದ ಮಡಿಯಲ್ಲೇ. ಹುಟ್ಟಿದವೆಲ್ಲ ಚೆನ್ನಾಗಿ ಮೇಲೆದ್ದಿವೆ, ಜಾಗ ಪಡೆದ ಆ ಸಂಶೋಧಕನೇ ಬಂದು ಅವುಗಳನ್ನು ನೋಡಿಕೊಳ್ಳುತ್ತಾನೆ, ಇಷ್ಟು ಒಳ್ಳೆಯ ಬೀಜ ಕಳಿಸಿದ್ದಕ್ಕೆ ಕೃತಜ್ಞತೆಗಳು ಎಂದಿತ್ತು.

ನನ್ನ ಬೀಜಕ್ಕೆ ಜಾಗ ಸಿಕ್ಕಿತು. ನನಗೆ ಸಿಗಲಿಲ್ಲ. ನನ್ನ ಗಿಡದ ಬೇರು ಬಗೆದು, ಅದು ಯಾಕೆ ಸಾಯುವುದಿಲ್ಲ ಎಂದು ನೋಡುವವನು ಯಾರೋ, ಅವನ ಮುಖವನ್ನೂ ನಾನು ಕಂಡಿಲ್ಲ. ಅವನ ತಪ್ಪೇನಿಲ್ಲ. ಆದರೂ ಹೊಟ್ಟೆ ಉರಿದ ಉರಿ ಹೇಳತೀರದು. ಎಷ್ಟೋ ವರ್ಷ, ಊಟಕ್ಕೆ ಕೂತಾಗ, ಹುಡುಗರಿಗೆ ಪಾಠ ಹೇಳುವಾಗ, ಈಗ ಅವನು ನೋಡಿರುತ್ತಾನೆ, ಅವನಿಗೆ ಗೊತ್ತಾಗಿರುತ್ತದೆ ಎಂದು ಇದ್ದಕ್ಕಿದ್ದಂತೆ ಅನ್ನಿಸಿ ಕೈ ನಿಂತುಬಿಡುತ್ತಿತ್ತು.

ಆ ಕಾಗದ ಬಂದ ದಿನ ಬಸ್ಸು ಹತ್ತಿ ಹರಿಹರದಲ್ಲಿ ಇಳಿದವನು ಸೀದಾ ಮನೆಗೆ ಹೋಗಲಿಲ್ಲ, ಹೊಳೆಯ ಸೇತುವೆಯ ಮೇಲೆ ನಿಂತೆ. ಕೆಳಗೆ ಮಳೆಯ ಕೆಂಪು ನೀರು ಮರಳಿನ ನಡುವೆ ಸಣ್ಣಗೆ ಹರಿಯುತ್ತಿತ್ತು, ಅಗಸರು ಬಟ್ಟೆ ಒಗೆಯುತ್ತಿದ್ದರು. ಎಲ್ಲಿಗೂ ಹೋಗಬೇಕೆನಿಸಲಿಲ್ಲ. ಮನೆಗೆ, ದಾವಣಗೆರೆಗೆ, ಯಾವ ಕಡೆಗೂ. ಕಾರ್ಖಾನೆಯ ಪಾಳಿ ಬಿಟ್ಟು ಬರುತ್ತಿದ್ದ ಭಾವ ನನ್ನನ್ನು ಕಂಡು ಸೈಕಲ್ಲಿನಿಂದ ಇಳಿದರು. ಮುಖ ನೋಡಿದರು. ನಡಿ, ಹಸಿದಿರ್ತೀಯ ಎಂದರು. ಸೈಕಲ್ಲು ತಳ್ಳಿಕೊಂಡು ನನ್ನ ಜೊತೆಗೇ ನಡೆದರು.

ಅಕ್ಕ ಒಲೆಯ ಮುಂದಿದ್ದಳು. ಬಕೆಟ್ಟಿನ ದಿನದ ನಂತರ ಅವಳನ್ನು ನೋಡುತ್ತಿದ್ದದ್ದು ಅದೇ ಮೊದಲು. ಇಳಿದುಹೋಗಿದ್ದಳು. ನಾನು ಕೂತ ಮೇಲೂ ನನ್ನ ಕಡೆ ತಿರುಗದೆ, ಕಾಳಿನ ಸುದ್ದಿಯೊಂದನ್ನೇ ಕೇಳಿದಳು.

"ಹುಟ್ಟಿದ್ವೇನೋ?"

"ಹುಟ್ಟಿದ್ವಂತೆ. ಚೆನ್ನಾಗಿ ಬಂದಾವಂತೆ."

ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ಸೆರಗು ಇಳಿಸಿ, ನನ್ನ ಕೈ ಕೆಟ್ಟದ್ದಲ್ಲ ಹಂಗಾದ್ರೆ ಎಂದು ತನಗೇ ಹೇಳಿಕೊಂಡಳು. ಅಷ್ಟು ತಿಂಗಳು ಅವಳು ಏನು ಹೊತ್ತುಕೊಂಡಿದ್ದಳೆಂದು ಆಗ ನನಗೆ ತಿಳಿಯಿತು.

ಮುಚ್ಚಿಡಲು ನನಗಾಗಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ. ಕಾಳು ತಡವಾಗಿ ಸಿಕ್ಕಿತು, ಜಾಗ ಬೇರೆಯವನಿಗೆ ಹೋಯಿತು, ಇನ್ನು ನನ್ನನ್ನು ಕರೆಯುವುದಿಲ್ಲ, ಇಲ್ಲಿಯ ಕೆಲಸವೂ ಹೋಯಿತು ಎಂದೆ. ಭಾವ ಗೋಡೆಗೊರಗಿ ಕಣ್ಣು ಮುಚ್ಚಿದರು. ಅಕ್ಕ ಮಾತ್ರ ಕಣ್ಣೊರೆಸಿಕೊಂಡು, ರೊಟ್ಟಿ ಬಡಿಯಲು ಹಿಟ್ಟು ತೆಗೆದುಕೊಂಡಳು.

"ಅವನ್ಯಾವನೋ, ಯಾವೂರನೋ. ನಮ್ಮ ಹತ್ತಿ ಅವನಿಗೇನು ಗೊತ್ತು? ಕಳೆ ಯಾವ್ದು ಗಿಡ ಯಾವ್ದು ಅಂತ ತಿಳಿಬ್ಯಾಡ್ವಾ? ಕಳೆ ತೆಗಿಯೋ ಹೊತ್ತಿಗೆ ನಿನ್ನೇ ಕರೀತಾರೆ, ಸುಮ್ಕಿರು."

ತಟ್ಟೆಗೆ ರೊಟ್ಟಿ ಬಂತು, ತಿಂದೆ.

ಆ ವರ್ಷ ಕೊಂಡಜ್ಜಿಯ ಹೊಲದ ಮೂಲೆಯಲ್ಲಿ ಬೇರೆ ಕಾಳು ಬಿತ್ತಿದರು. ನಮ್ಮದು ಒಂದೂ ಉಳಿದಿರಲಿಲ್ಲ. ಅರ್ಧ ಕಾಳು ಬಕೆಟ್ಟಿನಲ್ಲೇ ನೆನೆದು ಕೊಳೆತು ಹೋಗಿತ್ತು, ಇನ್ನರ್ಧ ಸಮುದ್ರದಾಚೆ ಹೋಗಿತ್ತು. ದೀಪಾವಳಿಯ ಹೊತ್ತಿಗೆ ಆ ಮೂಲೆಯ ಗಿಡಗಳೆಲ್ಲ ಸೊರಗಿದವು. ನನಗೆ ಹರಿಹರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರ ಕೆಲಸ ಸಿಕ್ಕಿತು. ನಿವೃತ್ತಿಯವರೆಗೂ ಅಲ್ಲೇ ಇದ್ದೆ.

ಟ್ರಂಕನ್ನು ಅಕ್ಕ ಬಿಚ್ಚಲಿಲ್ಲ. ಕಂಬಳಿಗೆ ಹುಳ ಹಿಡಿಯದಿರಲೆಂದು ವರ್ಷಕ್ಕೊಮ್ಮೆ ಬೇವಿನೆಲೆ ಬದಲಾಯಿಸುತ್ತಿದ್ದಳು. ಚಟ್ನಿಪುಡಿಯನ್ನು ತೆಗೆದು ಹೊಸದು ತುಂಬುತ್ತಿದ್ದಳು. ಪ್ರತಿ ವರ್ಷ ಹೊಲದಲ್ಲಿ ಕಳೆ ತೆಗೆಯಲು ಆಳು ಕರೆಯುವ ದಿನ ನಾನು ಶಾಲೆಯಿಂದ ಬರುವುದನ್ನೇ ಬಾಗಿಲಲ್ಲಿ ಕಾದಿದ್ದು, ಟಪಾಲಿನವನು ಏನಾದರೂ ತಂದನೇ ಎಂದು ಕೇಳುತ್ತಿದ್ದಳು. ಇಲ್ಲ ಎಂದರೆ, ಅಲ್ಲಿ ಮಳೆ ತಡ ಆಗಿರ್ಬೇಕು ಎಂದು ಒಳಗೆ ಹೋಗುತ್ತಿದ್ದಳು.